ಅರ್ಧ ತೊಳೆದ ಬೆನ್ನು

"ಏನೇ, ಹೆಣ ತೊಳೀತಿದೀಯೇನೇ ಅಲ್ಲಿ? ನಿನ್ನ ಹೆಸರು ಮತ್ತೆ ಕೆಂಪಾಗಿ ಕೂತದೆ ಇಲ್ಲಿ."

ಫೋನಿನಲ್ಲಿ ಬೊಗಳುತ್ತಿದ್ದವನು ಏಜೆನ್ಸಿಯ ಮೇಲ್ವಿಚಾರಕ ಡ್ಯಾರೆನ್. ಬರ್ನಡೆಟ್ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ವಿನ್ನಿ ಮುದುಕಿಯ ಹೇಲು ಬಳಿಯುತ್ತಿದ್ದಳು.

"ಆ ಬೋಳಿಮಗನಿಗೆ ಹೇಳು ಮಗಾ, ನನ್ನ ಮುಕಳಿ ಅವನ ಗಡಿಯಾರ ನೋಡ್ಕಂಡು ಹೇಲಲ್ಲ ಅಂತ," ಎಂದಳು ವಿನ್ನಿ. ಇಂಗ್ಲೆಂಡಿನ ಲ್ಯಾಂಕಶೈರಿನ ಬಟ್ಟೆ ಗಿರಣಿಯಲ್ಲಿ ಮಗ್ಗದ ಸದ್ದನ್ನು ಮೀರಿ ಕೂಗಿ ಪಳಗಿದ ಗಂಟಲು. ಡ್ಯಾರೆನ್‌ಗೂ ಕೇಳಿಸಿರಬೇಕು.

ಮನೆಮನೆಗೆ ಹೋಗಿ ಕೈಲಾಗದವರನ್ನು ತೊಳೆದು, ಉಡಿಸಿ, ಉಣಿಸಿ ಬರುವುದು ಬರ್ನಡೆಟ್ಟಳ ಕೆಲಸ. ಮನೆಗೆ ಹದಿನೈದು ನಿಮಿಷ. ಬಾಗಿಲ ಹಿಂದೆ ಅಂಟಿಸಿದ ಬಿಲ್ಲೆಗೆ ಬಂದಾಗೊಮ್ಮೆ, ಹೊರಡುವಾಗೊಮ್ಮೆ ಫೋನು ತಾಕಿಸಬೇಕು. ಹೊತ್ತಿಗೆ ಮುಗಿಸಿದರೆ ಏಜೆನ್ಸಿಯ ಪರದೆಯಲ್ಲಿ ಹೆಸರು ಹಸಿರಾಗುತ್ತದೆ, ಹೊತ್ತು ಮೀರಿದರೆ ಕೆಂಪಾಗುತ್ತದೆ, ಕೆಂಪು ಹೆಚ್ಚಾದರೆ ಮನೆಗಳು ಕೈತಪ್ಪುತ್ತವೆ. ಅದಕ್ಕೇ ಆ ಕಸುಬಿನ ಹೆಂಗಸರೆಲ್ಲ ಒಂದು ದಾರಿ ಹುಡುಕಿಕೊಂಡಿದ್ದರು. ಹೊತ್ತಿಗೆ ಸರಿಯಾಗಿ ಬಿಲ್ಲೆಗೆ ತಾಕಿಸುವುದು, ಮತ್ತೆ ಒಳಗೆ ಬಂದು ಉಳಿದದ್ದನ್ನು ಬಿಟ್ಟಿ ಮಾಡುವುದು. ಇವತ್ತಿನ ಗಡಿಬಿಡಿಯಲ್ಲಿ ಬರ್ನಡೆಟ್ ತಾಕಿಸುವುದನ್ನೇ ಮರೆತಿದ್ದಳು, ಅಷ್ಟೆ.

ಡ್ಯಾರೆನ್‌ನ ಬೈಗುಳ ಮುಗಿದು ಸುದ್ದಿ ಬಂತು. ಊರಿನ ಹೆಸರುಗಳೆಲ್ಲ ಹಸಿರಾಗಿರುವುದು ಕಂಡು, ಈ ಕೆಲಸಕ್ಕೆ ದುಡ್ಡು ಕೊಡುವ ಕೌನ್ಸಿಲ್‌ಗೆ ಬಲು ಖುಷಿಯಾಗಿದೆಯಂತೆ. ಹದಿನೈದರಲ್ಲಿ ಇಷ್ಟು ಚೆನ್ನಾಗಿ ಆಗುವ ಕೆಲಸ ಹನ್ನೆರಡರಲ್ಲೂ ಆದೀತಂತೆ. ಅಳೆದು ನೋಡಲು ಸೋಮವಾರ ಕೌನ್ಸಿಲ್ಲಿನ ಮೇಡಮ್ಮು ವಿನ್ನಿ ಮನೆಗೇ ಬರುತ್ತಾರೆ, ಬೇಗ ಬಂದು ಮುದುಕಿಯನ್ನು ಮುಕ್ಕಾಲು ತೊಳೆದಿಟ್ಟಿರು, ಅವರು ಬಂದ ಮೇಲೆ ಬಿಲ್ಲೆಗೆ ತಾಕಿಸು ಎಂದ.

ಬರ್ನಡೆಟ್ಟಳಿಗೆ ಡ್ಯಾರೆನ್ ಮೇಲಿಗಿಂತ ತನ್ನ ಮೇಲೇ ಉರಿದುಹೋಯಿತು. ಬಿಟ್ಟಿ ದುಡಿದು ದುಡಿದು ಅವರ ಕೈಯ ಕತ್ತಿಯನ್ನು ಮಸೆದುಕೊಟ್ಟವರು ತಾವೇ ಅಲ್ಲವೇ? ಇನ್ನು ಹನ್ನೆರಡರಲ್ಲಿ ಈ ಮುದುಕಿಗೆ ಏನು ಬಿಡುವುದು, ಸ್ನಾನವನ್ನೋ ಊಟವನ್ನೋ?

ವಿನ್ನಿ ಎಲ್ಲ ಕೇಳಿಸಿಕೊಂಡಿದ್ದಳು. "ಸೋಮವಾರ ಬೇಗ ಬರಬ್ಯಾಡ ಮಗಾ," ಎಂದಳು.

ಸೋಮವಾರ ಬಚ್ಚಲ ಬಾಗಿಲಲ್ಲಿ ಟ್ಯಾಬ್ ಹಿಡಿದು ಆ ಮೇಡಮ್ಮು, ಮಿಸೆಸ್ ಹಾರ್ಗ್ರೀವ್ಸ್, ನಿಂತಿದ್ದರು, ಹಿಂದೆ ಹಲ್ಲು ಕಿರಿಯುತ್ತ ಡ್ಯಾರೆನ್. ಮುದುಕಿ ಇನ್ನೂ ನೀರು ಸೋಕದೆ ಕೂತಿರುವುದನ್ನು ಕಂಡು ಅವನ ಹಲ್ಲು ಒಳಗೆ ಹೋಯಿತು. ಬರ್ನಡೆಟ್ ಅವಸರ ಮಾಡಲಿಲ್ಲ. ಎಂದಿನಂತೆ ಗಟ್ಟಿಯಾದ ಮಂಡಿ ನೀವಿ, ಬಟ್ಟೆ ಬಿಚ್ಚಿ, ಹಾಸಿಗೆಹುಣ್ಣಿನ ಸುತ್ತ ಮೆಲ್ಲಗೆ ತೊಳೆದು ಬೆನ್ನಿಗೆ ಬಂದಳು.

ಹೊತ್ತು ಮುಗಿಯಿತೆಂದು ಫೋನು ಕೂಗಿತು. ಸೋಪಿನ ನೊರೆ ಅರ್ಧ ಬೆನ್ನಿನಲ್ಲಿತ್ತು.

ಬರ್ನಡೆಟ್ ಕೈ ಒರೆಸಿಕೊಂಡು ಬಾಗಿಲಿಗೆ ಹೋಗಿ ಬಿಲ್ಲೆಗೆ ತಾಕಿಸಿದಳು. ಕೋಟು ಹಾಕಿಕೊಂಡಳು. ವಾಪಸು ಬಂದು ಸ್ಪಂಜನ್ನು ಮೇಡಮ್ಮಿನ ಕೈಗಿಟ್ಟಳು.

"ನನ್ನ ಹೊತ್ತು ಮುಗೀತು ಅಮ್ಮಾವ್ರೇ. ಇಲ್ಲಿಂದಾಚೆಗೆ ನಾವು ದಿನಾ ಬಿಟ್ಟಿ ಮಾಡ್ತಿದ್ದುದು. ಇವತ್ತು ನೀವು ಮಾಡಿ."

"ಏನಾಟ ಕಟ್ಟಿದೀಯೇ ಹಲ್ಕಾ ಮುಂಡೆ, ತೊಳೆಯೇ," ಎಂದು ಡ್ಯಾರೆನ್ ಹಲ್ಲು ಕಡಿದ.

ವಿನ್ನಿ ತಿರುಗಿ ನೋಡಲಿಲ್ಲ. "ಬಿರ್ರನೆ ಉಜ್ಜವ್ವ, ಚಳಿ ಆಯ್ತದೆ," ಎಂದಳು ಮೇಡಮ್ಮಿಗೆ.

ಸ್ಪಂಜಿನ ನೀರು ಮೇಡಮ್ಮಿನ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಬರ್ನಡೆಟ್ಟಳ ಕೈ ತಾನಾಗಿ ಮುದುಕಿಯತ್ತ ಹೋಯಿತು. ಅದನ್ನು ಕೋಟಿನ ಜೇಬಿಗೆ ತುರುಕಿ ಹಿಡಿದಳು. ಮುದುಕಿಯ ಬೆನ್ನು ನಡುಗತೊಡಗಿತು. ಯಾರೂ ಕದಲಲಿಲ್ಲ.

ಮೇಡಮ್ಮಿನ ಇನ್ನೊಂದು ಕೈಯ ಟ್ಯಾಬಿನಲ್ಲಿ ಬರ್ನಡೆಟ್ಟಳ ಹೆಸರು ಹಸಿರಾಗಿತ್ತು.