ಹಾಲಮ್ಮನ ಮೂರನೇ ಬೇರು

“ಈ ಹಲ್ಲು ಉಳಿಸೋಕೆ ನನ್ನ ಕೈಲಿ ಆಗ್ಲಿಲ್ಲ ಹಾಲಮ್ಮ. ನಿಮ್ಮ ಮನೇಲಿ ಇನ್ಯಾರ ಹಲ್ಲೂ ಹೀಗೆ ಹೋಗೋಕೆ ಬಿಡಲ್ಲ.”

ಹದಿನಾಲ್ಕು ವರ್ಷದ ಹಿಂದೆ ಡಾಕ್ಟರ್ ಶಶಿರೇಖಾ ಈ ಮಾತು ಕೊಟ್ಟಾಗ ನಾನು ಅವರ ಇಕ್ಕಳದಲ್ಲಿದ್ದೆ. ನಾನು ಒಂದು ದವಡೆ ಹಲ್ಲು.

ಹುಟ್ಟಿದ್ದು ದಾವಣಗೆರೆಯಲ್ಲಿ, ಹಾಲಮ್ಮನ ಆರನೇ ವಯಸ್ಸಿಗೆ, ಕೆಳದವಡೆಯ ಬಲಗಡೆ. ನನ್ನಂಥವಕ್ಕೆ ಸಾಮಾನ್ಯವಾಗಿ ಎರಡು ಬೇರು. ನನಗೆ ಮೂರು. ಮೂರನೆಯದು ಸಣ್ಣದು, ಗಾಳದ ಕೊಕ್ಕೆಯಂತೆ ಬಾಗಿದ್ದು. ನಾಲಿಗೆಯ ಕಡೆ, ಹಿಂದಿನ ಬೇರಿನ ಮರೆಯಲ್ಲಿ ಅಡಗಿತ್ತು. ಅದು ಹಾಲಮ್ಮನಿಗೆ ತಿಳಿಯದು, ನಾನೂ ಹೇಳಿಕೊಳ್ಳಲಿಲ್ಲ.

ಹಾಲಮ್ಮ ದುಡಿದದ್ದು ಮಂಡಕ್ಕಿ ಭಟ್ಟಿಯಲ್ಲಿ. ಉಪ್ಪುನೀರು ಸವರಿ ಒಣಗಿಸಿದ ಅಕ್ಕಿ ಬಾಣಲೆಗೆ ಬೀಳುವ ಮುಂಚೆ ಒಂದು ಕಾಳನ್ನು ನನ್ನ ಮೇಲಿಟ್ಟು ಕಚ್ಚುತ್ತಿದ್ದಳು. ‘ಕಟ್’ ಎಂದರೆ ಹದ; ಮೆತ್ತಗಿದ್ದರೆ ಇನ್ನೊಂದು ಬಿಸಿಲು. ವರ್ಷಗಟ್ಟಲೆ ಇಡೀ ಭಟ್ಟಿ ನನ್ನ ಮಾತು ಕೇಳಿತು.

ಆಮೇಲೆ ಹುಳುಕು ಹಿಡಿಯಿತು. ಡಾಕ್ಟರ್ ಎಕ್ಸ್‌ರೇ ತೆಗೆದರು. ಅದು ಗೋಡೆಯ ಮೇಲಿನ ನೆರಳಿದ್ದಂತೆ. ಒಬ್ಬರ ಹಿಂದೊಬ್ಬರು ನಿಂತರೆ ಒಬ್ಬರೇ ಕಾಣುತ್ತಾರೆ. ಕಂಡ ಎರಡು ಬೇರುಗಳನ್ನು ತೊಳೆದು ತುಂಬಿದರು. ಮೂರನೆಯದು ಒಳಗೇ ಕೀವಾಯಿತು. ಕೊನೆಗೆ ಹಾಲಮ್ಮ ಬಾತುಕೊಂಡ ಕೆನ್ನೆ ಹಿಡಿದು ಬಂದು, “ಕಿತ್ತಾಕ್ರಿ ಡಾಕ್ಟ್ರಮ್ಮ” ಎಂದಳು. ಕಿತ್ತಾಗ ಕೊಕ್ಕೆ ಹೊರಬಂತು.

“ಇಲ್ಲೇ ನೋಯ್ತೈತೆ ಅಂತ ಬಡ್ಕೊಂಡೆ. ನಿಮ್ ಫಿಲ್ಮು ಏನೂ ಇಲ್ಲ ಅಂತು,” ಎಂದಳು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ.

ಆಗಲೇ ಡಾಕ್ಟರ್ ಆ ಮಾತು ಕೊಟ್ಟದ್ದು. ನನ್ನನ್ನು ತೊಳೆದು ಸೀಸೆಗೆ ಹಾಕಿ ಮೇಜಿನ ಮೇಲಿಟ್ಟುಕೊಂಡರು.

ಹೋದ ಶ್ರಾವಣದಲ್ಲಿ ಹಾಲಮ್ಮ ಮತ್ತೆ ಬಂದಳು. ಜೊತೆಗೆ ಮಗಳು ವನಜಾಕ್ಷಿ. ಭಟ್ಟಿಯಲ್ಲಿ ಕಾಳು ಕಚ್ಚುವ ಕೆಲಸ ಈಗ ಅವಳದು. ಅವಳಿಗೂ ಅದೇ ಬಲಗಡೆ, ಅದೇ ಹಲ್ಲಿನ ನೋವು.

“ಎಕ್ಸ್‌ರೇಲಿ ಎರಡೇ ಬೇರು ಕಾಣ್ತಿದೆ,” ಎಂದರು ಡಾಕ್ಟರ್.

“ನಂದೂ ಎರಡೇ ಕಂಡಿತ್ತಲ್ಲ!” ಹಾಲಮ್ಮ ನನ್ನ ಸೀಸೆ ಎತ್ತಿ ಗಲಗಲ ಅಲ್ಲಾಡಿಸಿದಳು. “ಮೂಗು ನಂದೇ ಬಂದೈತೆ, ಸಿಟ್ಟು ನಂದೇ ಬಂದೈತೆ. ಬೇರು ಮಾತ್ರ ಅವ್ರಪ್ಪಂದಾ?”

“ಸುಮ್ನಿರವ್ವ,” ಎಂದು ವನಜಾಕ್ಷಿ ನೋವಿನಲ್ಲೂ ನಕ್ಕಳು.

ಡಾಕ್ಟರ್ ನಗಲಿಲ್ಲ. ತಲೆಯ ಸುತ್ತ ತಿರುಗಿ ಚಿತ್ರ ತೆಗೆಯುವ ಯಂತ್ರ ಊರಿಗೆ ಬಂದಿತ್ತು; ಸ್ಕ್ಯಾನಿಗೆ ಚೀಟಿ ಬರೆದುಕೊಟ್ಟರು.

ಸಂಜೆ ಕಂಪ್ಯೂಟರಿನಲ್ಲಿ ವನಜಾಕ್ಷಿಯ ಹಲ್ಲು ಬುಗುರಿಯಂತೆ ಮೆಲ್ಲಗೆ ತಿರುಗಿತು. ಮೊದಲು ಎರಡು ಬೇರು. ಇನ್ನಷ್ಟು ತಿರುಗಿದಾಗ ಮರೆಯಿಂದ ಕೊಕ್ಕೆ ಇಣುಕಿತು. ಡಾಕ್ಟರ್ ನನ್ನ ಸೀಸೆಯನ್ನು ಪರದೆಯ ಪಕ್ಕ ಹಿಡಿದರು. ಒಂದೇ ಬಾಗು. ಕುಂದೆಂದು ನಾನು ನಾಚಿಕೊಂಡಿದ್ದ ಬೇರು ಆ ಮನೆತನದ್ದಾಗಿತ್ತು.

ಮರುದಿನ ಡಾಕ್ಟರ್ ಎರಡು ಗಂಟೆ ಬಗ್ಗಿ ನಿಂತು, ಕೂದಲೆಳೆಯಂಥ ಸೂಜಿಯಲ್ಲಿ ಆ ಬೇರನ್ನೂ ತೊಳೆದು ತುಂಬಿದರು.

ನನಗೀಗ ವಯಸ್ಸಾಗಿದೆ, ಹಳದಿಯಾಗಿದ್ದೇನೆ. ಕಲಿಯಲು ಬರುವ ಹೊಸ ಡಾಕ್ಟರುಗಳ ಕೈಗೆ ಮೊದಲು ನನ್ನನ್ನೇ ಕೊಡುತ್ತಾರೆ. ಬಾಯಿಂದ ಹೊರಬಿದ್ದ ಮೇಲೂ ಇಷ್ಟು ಕೆಲಸ ಸಿಕ್ಕೀತೆಂದು ಎಣಿಸಿರಲಿಲ್ಲ.

ಮೊನ್ನೆ ಹಾಲಮ್ಮ ಒಂದು ಚೀಲ ಮಂಡಕ್ಕಿ ತಂದಿಟ್ಟಳು. “ಹದ ನೋಡಿದ್ದು ಇವ್ಳೇ,” ಎಂದು ಗದ್ದ ಎತ್ತಿ ಮಗಳನ್ನು ತೋರಿಸಿದಳು.

ವನಜಾಕ್ಷಿಯ ಹಲ್ಲು ಅವಳ ಬಾಯಲ್ಲೇ ಇದೆ. ಡಾಕ್ಟರ್ ಕೊಟ್ಟ ಮಾತು ನಡೆಯಿತು.