ಅವ್ವನ ಹೊಸ ಮಾತು

ಆಫೀಸಿನಲ್ಲಿ ನಾಲ್ಕು ಕಾಗದ ಓದಿದವನಿಗೆ ಮನೆಯವರ ತಲೆಯೊಳಗಿನದೂ ಗೊತ್ತು ಎಂಬ ಜಂಬ ಇರುತ್ತದೆ. ನನಗಂತೂ ಒಂದು ಹಿಡಿ ಹೆಚ್ಚೇ ಇತ್ತು.

೧೯೩೨ರ ಮಾತು. ಅವ್ವ ಶಿವಗಂಗವ್ವ ಗದಗಿನಿಂದ ಪುಣೆಗೆ, ನಮ್ಮ ಮನೆಗೆ ಬಂದು ವರ್ಷವಾಗಿತ್ತು. ವಯಸ್ಸು ಎಪ್ಪತ್ತರ ಹತ್ತಿರ. ದಿನಾ ಬೆಳಿಗ್ಗೆ ಬಜಾರಕ್ಕೆ ಹೋಗಿ, ಕಾಯಿಪಲ್ಲೆ ಮಾರುವ ರಂಗೂಬಾಯಿಯೊಂದಿಗೆ ಒಂದು ತಾಸು ಜಗಳವಾಡಿ, ಒಂದು ಸೂಡು ಮೆಂತ್ಯ ತರುತ್ತಿದ್ದಳು. ಅವ್ವನಿಗೆ ಮರಾಠಿ ಬಾರದು, ಆಕೆಗೆ ಕನ್ನಡ ಬಾರದು. ಆದರೂ ಜಗಳ ಒಂದು ದಿನ ತಪ್ಪಿದ್ದಿಲ್ಲ.

ಒಂದು ದಿನ ಅವ್ವ ಊಟ ಬೇಡವೆಂದಳು.

"ಯಾಕಬೇ, ಹೊಟ್ಟಿ ಸರಿ ಇಲ್ಲೇನು?" ಎಂದೆ.

ಅವ್ವ ನಗುತ್ತ, "ಕಾಲ ಕೇಳಿ ಖಾಲ್ಲಿ" ಎಂದಳು.

ಕಾಲು, ಕೇಳು, ಖಾಲಿ! ಒಂದಕ್ಕೊಂದು ತಾಳಮೇಳವೇ ಇಲ್ಲ. ಹೆಂಡತಿ ಗೌರಾಬಾಯಿ ಕಿವಿಯಲ್ಲಿ ಉಸುರಿದಳು: "ಅತ್ತಿಯವರಿಗೆ ಅರಳು ಮರಳು ಸುರು ಆತ್ರಿ."

ತಲೆಗೆ ವಿಶ್ರಾಂತಿ ಬೇಕೆಂದು ನಾನೇ ತೀರ್ಪು ಕೊಟ್ಟೆ. ಬಜಾರ ಬಂದ್. ಸೊಪ್ಪು ಸೋಸಲೂ ಬಿಡದೆ ಅವ್ವನನ್ನು ಕಿಟಕಿಯ ಬಳಿ ಕೂರಿಸಿದೆವು. ಅಷ್ಟು ಪ್ರೀತಿ ನಮ್ಮದು! ಇಪ್ಪತ್ತು ದಿನಕ್ಕೆ ಅವ್ವ ನಿಜಕ್ಕೂ ಮಂಕಾದಳು. ಉಂಡದ್ದು ನೆನಪಿಲ್ಲ, ಸೋಮವಾರ ಯಾವುದು ಗುರುವಾರ ಯಾವುದು ತಿಳಿಯದು. ನನ್ನ ತೀರ್ಪು ಸರಿಯೆಂದು ಹೊರಗೆ ಬೀಗಿದೆ, ಒಳಗೆ ಅವ್ವ ಕೈತಪ್ಪುತ್ತಿದ್ದಾಳೆಂದು ಹೆದರಿದೆ.

ಆ ಭಾನುವಾರ ರಂಗೂಬಾಯಿ ಬುಟ್ಟಿ ಹೊತ್ತು ಮನೆ ಹುಡುಕಿಕೊಂಡು ಬಂದಳು. ಆಜಿ ಯಾಕೆ ಬರುತ್ತಿಲ್ಲವೆಂದು ಮರಾಠಿಯಲ್ಲಿ ಕೇಳಿದಳು. ಅವ್ವನ ಆ ಹುಚ್ಚು ಮಾತನ್ನು ಅವಳಿಗೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. "ನಿನ್ನೆ ಬಾಳೆಹಣ್ಣು ತಿಂದೆ" ಎನ್ನುವ ಮರಾಠಿಯಂತೆ ಅದು! ಹಣ್ಣು ಕೊಟ್ಟವಳೂ ಅವಳೇ, ಮಾತು ಕಲಿಸಿದವಳೂ ಅವಳೇ. ಹನ್ನೆರಡು ವರ್ಷ ಮರಾಠಿ ಅರ್ಜಿ ಬರೆದ ನನಗೆ, ಅವ್ವನ ಬಾಯಿಂದಲೂ ಆ ಭಾಷೆ ಬಂದೀತೆಂದು ಹೊಳೆದಿರಲೇ ಇಲ್ಲ. ಮಗ ಶಹಬ್ಬಾಸ್ ಎನ್ನುತ್ತಾನೆಂದು ಅವ್ವ ಅಂದು ಕಾದಿದ್ದಳೇನೋ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಅವ್ವ ಗೋಡೆ ಹಿಡಿದು ಎದ್ದು ಬಂದಳು. ಬುಟ್ಟಿಯ ಬದನೆಕಾಯಿ ಎತ್ತಿ ಹುಳುಕು ತೋರಿಸಿ, ಮುರುಕು ಮರಾಠಿಯಲ್ಲಿ ರಂಗೂಬಾಯಿಗೆ ಬೈದಳು. ಅವಳೂ ತಿರುಗಿ ಬೈದಳು. ಇಬ್ಬರ ಮುಖವೂ ಅರಳಿತ್ತು.

"ಅವ್ವಾ, ನಾಳಿಂದ ಬಜಾರಕ್ಕ ಹೋಗಬೇ," ಎಂದೆ.

"ಅಪ್ಪಣೆ ಕೊಡಾಕ ನೀ ಯಾವ ಸಾಹೇಬಲೇ?" ಎಂದವಳು ನನ್ನ ಗಲ್ಲ ಹಿಡಿದು ದನಿ ತಗ್ಗಿಸಿದಳು. "ಇನ್ನೊಂದು ತಿಂಗಳ ಹಿಂಗ ಕುಂದ್ರಿಸಿದ್ದರ, ನಿಜಲಿಂಗಾ, ನಿನ್ನ ಹೆಸರೂ ಮರೀತಿದ್ದೆ."