ಸಮುದ್ರಕ್ಕೆಂದು ಕೊಂಡ ವ್ಯಾನು

ಕೋಲಾರದ ಕಣ್ಣಿನ ಡಾಕ್ಟರು ಮುನಿಯಲ್ಲಮ್ಮನನ್ನು ಹೊರಗೆ ಕೂರಿಸಿ, ಅವಳ ಗಂಡ ಶ್ರೀನಿವಾಸಪ್ಪನಿಗೆ ಒಬ್ಬನಿಗೇ ವಿಷಯ ಹೇಳಿದರು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ದಿನಾ ಹನಿ ಹಾಕಿಕೊಂಡರೆ ಉಳಿದದ್ದು ಸ್ವಲ್ಪ ಕಾಲ ನಿಂತೀತು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮುಳಬಾಗಿಲಿಗೆ ವಾಪಸು ಬರುವ ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ, "ಹಂಗಾದ್ರೆ ಅಷ್ಟ್ರೊಳಗೆ ಸಮುದ್ರ ನೋಡ್ಬೇಕು ಕಣಯ್ಯಾ" ಅಂದಳು.

ಮದುವೆಯಾದಾಗಿನಿಂದ ಇಬ್ಬರೂ ಒಟ್ಟಿಗೆ ಒಂದು ರಾತ್ರಿ ಹೊರಗೆ ಉಳಿದವರಲ್ಲ. ಮನೆ ಪಕ್ಕದಲ್ಲೇ ರೇಷ್ಮೆ ಹುಳದ ಮನೆ. ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು. ನೆಂಟರ ಮದುವೆಗೆ ಒಬ್ಬರು ಹೋದರೆ ಇನ್ನೊಬ್ಬರು ಹುಳದ ಹತ್ತಿರ ಉಳಿಯಬೇಕು. ಕುರುಡುಮಲೆಯ ಗಣೇಶನ ದರ್ಶನಕ್ಕೂ ಅವರು ಬೇರೆ ಬೇರೆಯಾಗಿಯೇ ಹೋಗಿಬರುತ್ತಿದ್ದರು.

ಮಗ ನಂದೀಶ್, "ಕಾರ್ ಬಾಡಿಗೆಗೆ ತಗೊಂಡ್ರೆ ನಾಳೆನೇ ಹೊರಡ್ಬೋದು, ನಾನೇ ಓಡಿಸ್ತೀನಿ" ಅಂದ. ಶ್ರೀನಿವಾಸಪ್ಪ ಒಪ್ಪಲಿಲ್ಲ. ಅವಳಿಗೆ ಕೂತರೆ ವಾಕರಿಕೆ, ಮಲಗಿಕೊಂಡು ಹೋಗಬೇಕು. ಸೊಸೆ, ಮೊಮ್ಮಕ್ಕಳು ಎಲ್ಲರೂ ಬರಬೇಕು. ದಾರಿಯಲ್ಲಿ ನಿಲ್ಲಿಸಿ ಮುದ್ದೆ ತೊಳಸಿಕೊಳ್ಳುವಂತಿರಬೇಕು. ಇಷ್ಟು ದಿನ ಎಲ್ಲಿಗೂ ಕರೆದುಕೊಂಡು ಹೋಗದವನು ಈಗ ಬಾಡಿಗೆ ಗಾಡಿಯಲ್ಲಿ ತೋರಿಸಿ ತಂದರೆ ಅವನ ಮನಸ್ಸಿಗೆ ಸಮಾಧಾನವಾಗುತ್ತಿರಲಿಲ್ಲ.

ಹಾಗಾಗಿ ಅಪ್ಪ ಮಗ ನಂಗಲಿಗೆ ಹೋದರು. ಅಲ್ಲಿ ಹೆದ್ದಾರಿಯ ಪಕ್ಕ ಕಾಂತರಾಜ್ ಎನ್ನುವವನು ಹಳೇ ಗಾಡಿಗಳನ್ನು ಮಾರುತ್ತಿದ್ದ. ಸಣ್ಣ ವ್ಯಾನಿನಲ್ಲಿ ಮಲಗಿದರೆ ಕಾಲು ಬಾಗಿಲಿಗೆ ತಾಗುತ್ತಿತ್ತು. ದೊಡ್ಡದು ಅವರ ಕೈಗೆ ಎಟುಕುವಂತಿರಲಿಲ್ಲ. ನಂದೀಶ್ ಬಾನೆಟ್ ಎತ್ತಿ ಎಂಜಿನ್ ನೋಡುತ್ತಿದ್ದರೆ ಶ್ರೀನಿವಾಸಪ್ಪ ಪ್ರತಿ ಗಾಡಿಯ ಒಳಕ್ಕೂ ತಲೆ ಹಾಕಿ ಮೂಸುತ್ತಿದ್ದ.

"ಏಮಣ್ಣಾ, ಗಾಡಿ ಕೊಳ್ಳೋಕ್ ಬಂದಿದ್ದೀಯೋ ತುಪ್ಪ ಕೊಳ್ಳೋಕ್ ಬಂದಿದ್ದೀಯೋ?" ಎಂದು ಕಾಂತರಾಜ್ ನಕ್ಕ.

"ಟೊಮೆಟೊ ತೋಟಕ್ಕೆ ಔಷಧಿ ಹೊತ್ತಿರೋ ಗಾಡಿ ನಮ್ಮನೆ ಹತ್ರ ನಿಂತ್ರೆ ಹುಳ ಸಾಯ್ತವಪ್ಪಾ."

"ಹಂಗಾದ್ರೆ ಇದನ್ನ ಮೂಸು. ಸ್ಕೂಲ್ ಮಕ್ಕಳ ಗಾಡಿ. ಮೊಸರನ್ನದ ವಾಸನೆ ಬಿಟ್ಟು ಬೇರೇನಾದ್ರೂ ಬಂದ್ರೆ ನಾನು ಮೀಸೆ ತೆಗೆಸ್ತೀನಿ."

ಬಣ್ಣ ಮಾಸಿ ಅಲ್ಲಲ್ಲಿ ತುಕ್ಕು ಹಿಡಿದಿತ್ತು, ಆದರೆ ಚಾವಣಿ ಎತ್ತರವಾಗಿತ್ತು, ಎಂಜಿನ್ ಗಟ್ಟಿಯಾಗಿತ್ತು. ಅದನ್ನೇ ತಂದರು.

ಮುನಿಯಲ್ಲಮ್ಮ ಸುತ್ತಲೂ ಕೈಯಾಡಿಸಿ ನೋಡಿ, "ಮಲಗಿದ್ರೂ ಕಿಟಕಿ ಸಿಗ್ಬೇಕು ನಂಗೆ" ಅಂದಳು. ಅಷ್ಟೇ ಅವಳು ಕೇಳಿದ್ದು. ಶ್ರೀನಿವಾಸಪ್ಪ ಸೀಟು ಕಿತ್ತು, ಕಿಟಕಿಯ ಮಟ್ಟಕ್ಕೆ ಪ್ಲೈವುಡ್ ಮಂಚ ಹೊಡೆಸಿದ. ಮಂಚದ ಕೆಳಗೆ ಒಲೆ, ಸಿಲಿಂಡರು, ರಾಗಿಹಿಟ್ಟಿನ ಡಬ್ಬ ಕೂರುವಂತೆ ಗೂಡುಗಳಾದವು. ಮಕ್ಕಳಿಗೆ ಮಡಚುವ ಬೆಂಚು, ಹಿಂದೆ ನೀರಿನ ಡ್ರಮ್ಮು. ಒಂದು ಮುಗಿದರೆ ಇನ್ನೊಂದು ಕಾಣುತ್ತಿತ್ತು. ಹುಳ ತರುವ ಮುಂಚೆ ಹುಳದ ಮನೆಗೆ ಸುಣ್ಣ ಬಳಿದು ಪೂರ್ತಿ ಸಿದ್ಧ ಮಾಡಿರಬೇಕು, ತಂದ ಮೇಲೆ ಅದಿಲ್ಲ ಇದಿಲ್ಲ ಎಂದು ಓಡಾಡುವಂತಿಲ್ಲ. ಅವನಿಗೆ ಗೊತ್ತಿದ್ದ ಸಿದ್ಧತೆ ಅದೊಂದೇ. ವ್ಯಾನಿನ ಗೋಡೆಗೆ ಸುಣ್ಣ ಬಳಿಯುವುದೊಂದು ಬಾಕಿ ಎಂದು ನಂದೀಶ್ ಹಂಗಿಸಿದ.

ಅಷ್ಟರಲ್ಲಿ ಆಷಾಢ ಬಂತು, ದೂರ ಹೊರಡಲು ಯಾರಿಗೂ ಮನಸ್ಸಾಗಲಿಲ್ಲ. ಆಷಾಢ ಕಳೆಯುವಾಗ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಎದೆಯೆತ್ತರ ಬಂದಿತ್ತು. ಅದನ್ನು ದನಕ್ಕೆ ಹಾಕಲು ಮನಸ್ಸು ಬರಲಿಲ್ಲ.

"ಇದೊಂದು ಬೆಳೆ ಆಗ್ಲಿ ಬಿಡು" ಎಂದು ಅವಳೇ ಅಂದಳು.

"ನಿನ್ನ ಕಣ್ಣು?"

"ಇದ್ದಂಗೇ ಇದೆ."

ಶ್ರೀನಿವಾಸಪ್ಪ ನಂಬಿದ. ಅವಳು ತೋಟದ ಕಡೆ ಹೋಗುವುದನ್ನು ಬಿಟ್ಟಿದ್ದಳು, ಮಂಡಿ ನೋವು ಅನ್ನುತ್ತಿದ್ದಳು. ಸೊಸೆ ತ್ರಿವೇಣಿಯ ತೋಳು ಹಿಡಿದು ಅಂಗಳ ದಾಟುತ್ತಿದ್ದಳು, ಅದಕ್ಕೂ ಮಂಡಿಯೇ ಕಾರಣ. ಆದರೆ ಹುಳದ ಮನೆಯಲ್ಲಿ ಅವಳ ಕೈ ತಪ್ಪುತ್ತಿರಲಿಲ್ಲ. ಹಣ್ಣಾದ ಹುಳ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ತಿಳಿಯಾಗಿ ಕಾಣುತ್ತದೆ. ಅದನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ಇನ್ನೂ ಸೊಪ್ಪು ತಿನ್ನುವ ಹಸಿ ಹುಳ ಬಿಟ್ಟರೆ ಕೆಟ್ಟುಹೋಗುತ್ತದೆ. ಹುಳ ಆರಿಸುವ ಕಣ್ಣು ಇರುವವರೆಗೆ ಸಮುದ್ರ ನೋಡುವ ಕಣ್ಣೂ ಇರುತ್ತದೆ ಎಂದು ಅವನು ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡಿದ್ದ. ಒಂದು ಬೆಳೆಯ ಹಿಂದೆ ಇನ್ನೊಂದೂ ಆಯಿತು, ಬಿಡುವು ಸಿಕ್ಕಾಗಲೆಲ್ಲ ವ್ಯಾನಿನ ಕೆಲಸವೂ ನಡೆದೇ ಇತ್ತು.

ಆ ಬೆಳೆ ಹಣ್ಣಾದ ದಿನ ಮೋಡ ಕವಿದು ಬೇಗನೆ ಕತ್ತಲಾಯಿತು. ನಾಲ್ವರೂ ಕೂತು ಹುಳ ಆರಿಸುತ್ತಿದ್ದಾಗ ಬಲ್ಬು ಆರಿತು. ಯಾರೂ ಏನೂ ಹೇಳಲಿಲ್ಲ, ಕರೆಂಟು ಹೋಗುವುದು ಹೊಸದೇನಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾದರು. ಆ ಮೌನದಲ್ಲಿ ಶ್ರೀನಿವಾಸಪ್ಪನಿಗೆ ಬಳೆ ಸದ್ದು ಕೇಳಿಸಿತು. ತಟ್ಟೆಯ ಅಂಚಿಗೆ ತಗಲುತ್ತಾ, ನಿಲ್ಲುತ್ತಾ, ಮತ್ತೆ ತಗಲುತ್ತಾ ಇತ್ತು.

ನಂದೀಶ್ ಮೊಬೈಲ್ ಬೆಳಕು ಹಾಕಿದ. ಮುನಿಯಲ್ಲಮ್ಮ ಹುಳ ಆರಿಸುತ್ತಲೇ ಇದ್ದಳು. ಅವಳು ಆರಿಸಿ ಹಾಕಿದ ತಟ್ಟೆಯಲ್ಲಿ ಒಂದೂ ಹಸಿ ಹುಳ ಇರಲಿಲ್ಲ.

"ಅಮ್ಮಾ, ಈ ಕತ್ತಲಲ್ಲಿ ಹೆಂಗೆ..."

ಅವಳ ಕೈ ನಿಂತಿತು. "ಕರೆಂಟ್ ಹೋಗಿದ್ಯಾ?" ಎಂದು ಕೇಳಿದಳು.

ತ್ರಿವೇಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಯಾವಾಗಿಂದ ಲೇ?" ಎಂದು ಶ್ರೀನಿವಾಸಪ್ಪ ಕೇಳಿದ.

"ಹೋದ ಬೆಳೆ ಶುರುವಾದಾಗ ಸ್ವಲ್ಪ ಕಾಣ್ತಿತ್ತು, ಮಂಜು ಮುಸುಕಿದಂಗೆ. ಆಮೇಲೆ ಅದೂ ಇಲ್ಲ." ಅವಳು ಬೆರಳುಗಳನ್ನು ಉಜ್ಜಿಕೊಂಡಳು. "ಹಣ್ಣಾದದ್ದು ಸೊಪ್ಪು ಹಿಡ್ಕೊಳ್ಳಲ್ಲ. ಮುಟ್ಟಿದ್ರೆ ಮೆತ್ತಗೆ, ಗಿಡ್ಡಗೆ ಇರ್ತದೆ. ಇಷ್ಟು ವರ್ಷ ಮುಟ್ಟಿಲ್ವಾ."

"ಒಂದು ಮಾತು ಹೇಳಬಾರದಾ? ಅವತ್ತೇ ಹೊರಟುಬಿಡ್ತಿದ್ವಲ್ಲ."

"ಹೇಳೋ ಹೊತ್ತಿಗೆ ಮುಗಿದಿತ್ತು ಕಣಯ್ಯಾ. ನೀನು ವ್ಯಾನ್ ಹತ್ರ ಕೂತು ಹಾಡ್ಕೊಂಡು ಮೊಳೆ ಹೊಡೀತಿದ್ದೆ. ನೀನು ಹಾಡಿದ್ದು ನಾನು ಯಾವತ್ತು ಕೇಳಿದ್ದೆ? ಹೇಳೋಕೆ ಬಾಯಿ ಬರಲಿಲ್ಲ."

ನಂದೀಶ್ ಎದ್ದು ನಿಂತ. ಅವಳೇ ಮತ್ತೆ, "ಏಳ್ಬೇಡಿ, ಕೆಲಸ ಮಾಡಿ. ಹಣ್ಣಾದ ಹುಳ ನಾಳೆವರೆಗೂ ಕಾಯಲ್ಲ, ಸೊಪ್ಪಿನ ಮೇಲೇ ನೂಲು ಬಿಟ್ಕೊಂಡು ಹಾಳಾಗ್ತದೆ. ಗೂಡು ಬಿಡಿಸಿದ ಮೇಲೆ ಹೋಗೋಣ. ನೀನೂ ಸಮುದ್ರ ನೋಡಿಲ್ವಲ್ಲ" ಅಂದಳು.

ಕರೆಂಟು ಬಂತು. ಶ್ರೀನಿವಾಸಪ್ಪ ಸರಿದು ಅವಳ ಪಕ್ಕದಲ್ಲಿ ಕೂತು ಆರಿಸತೊಡಗಿದ. ಅವನ ಕಣ್ಣು ತುಂಬಿ ತುಂಬಿ ಬರುತ್ತಿತ್ತು, ಹಸಿಯದು ಯಾವುದು ಹಣ್ಣಾದದ್ದು ಯಾವುದು ಗೊತ್ತಾಗುತ್ತಿರಲಿಲ್ಲ. ಮುನಿಯಲ್ಲಮ್ಮ ಅವನ ತಟ್ಟೆಗೆ ಕೈ ಹಾಕಿ, ಒಂದು ಹುಳವನ್ನು ಬೆರಳಲ್ಲಿ ಹಗುರವಾಗಿ ಸವರಿ ನೋಡಿ ಮತ್ತೆ ಸೊಪ್ಪಿನ ಮೇಲೆ ಬಿಟ್ಟಳು.

"ಇದು ಇನ್ನೂ ತಿನ್ತದೆ ಕಣಯ್ಯಾ" ಅಂದಳು.